ಮೂರು ಸಲ, ಮೆಲ್ಲಗೆ

ಯಾರೋ ಹಪ್ಪಳ ಮುರಿದರು, ಅಥವಾ ಕುರ್ಚಿಯ ಕಾಲೇ ಮುರಿಯಿತೋ, ಇಲ್ಲ ಹಪ್ಪಳವೇ, ಅಡುಗೆಮನೆ ಬಾಗಿಲಲ್ಲಿ ನಿಂತು ದೊಡ್ಡ ತಮ್ಮನ ಹೆಂಡತಿ ಸರಸ ಊಟಕ್ಕೆ ಮೊದಲೇ ರುಚಿ ನೋಡುತ್ತಿದ್ದಾಳೆ, ಹಪ್ಪಳಕ್ಕೆ ಇಷ್ಟು ಶಬ್ದ ಇದೆಯೆಂಬುದೇ ನನಗೆ ಮರೆತುಹೋಗಿತ್ತು, ಫ್ಯಾನಿಗೂ ಇದೆ, ಟಕ್ ಟಕ್ ಎಂದು ಒಂದೇ ಸಮನೆ, ಇವರಿಗೆಲ್ಲ ಇದು ದಿನವೂ ಕೇಳುತ್ತದೆಯೇ, ಕೇಳಿಯೂ ಸುಮ್ಮನಿದ್ದಾರೆಯೇ, ನನ್ನ ಬಳೆ ಕೂಡ ಸುಮ್ಮನೆ ಕೂರುವುದಿಲ್ಲ — ಸಮಾಧಾನ ಅಕ್ಕು, ಮುಖದ ಮೇಲೆ ಏನೂ ತೋರಿಸಬೇಡ, ಇಲ್ಲಿ ಯಾರಿಗೂ ಗೊತ್ತಿಲ್ಲ. ಬಲಗಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ, ಕಿವಿ ಕೇಳಿಸುವ ಮೆಷಿನ್ನು, ಅದರ ಮೇಲೆ ಕೂದಲು, ಕೂದಲ ಮೇಲೆ ಎರಡು ಮೊಳ ಅಬ್ಬಲಿಗೆ, ಎಂದೂ ಹೂ ಮುಡಿಯದವಳು ಇವತ್ತು ಮುಡಿದಿದ್ದಾಳೆಂದು ಹೆಂಗಸರು ಆಗಲೇ ಕಣ್ಣಿನಲ್ಲಿ ನಕ್ಕಾಗಿದೆ, ನಗಲಿ, ಇವತ್ತು ನನ್ನ ಸಣ್ಣ ತಮ್ಮ ಜಿತೇಂದ್ರನ ಮಗಳಿಗೆ ಹೆಸರಿಡುವ ದಿನ, ಅಪ್ಪನ ಅಕ್ಕನಾದವಳು ತೊಟ್ಟಿಲ ಹತ್ತಿರ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು, ಮೆಲ್ಲಗೆ, ಮಗುವಿಗೆ ಮಾತ್ರ ಕೇಳುವ ಹಾಗೆ, ಆಮೇಲೆಯೇ ಊರಿಗೆ. ಮೆಲ್ಲಗೆ ಹೇಳುವುದು, ಅದೊಂದೇ ನನಗೆ ಇಷ್ಟು ವರ್ಷ ಬಾರದೆ ಹೋದದ್ದು. ಹೆಸರನ್ನು ಜಿತೇಂದ್ರ ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ, ಮನಸ್ಸಿನಲ್ಲೂ ಅದನ್ನು ಹೇಳಿಕೊಳ್ಳಬಾರದು, ಯಾರು ಕಂಡರು, ನನ್ನ ಮನಸ್ಸಿನ ಧ್ವನಿಯೂ ಎಷ್ಟು ದೊಡ್ಡದೋ.

ಸರಸನ ಮಗ ಶೈಲೇಶ್ ಹುಟ್ಟಿದ್ದು ತೊಂಬತ್ತೇಳರಲ್ಲಿ, ಆಗಲೂ ನಾನೇ ಹೇಳಬೇಕಿತ್ತು, ದೊಡ್ಡ ತಮ್ಮ ಪ್ರೇಮಾನಂದನ ಚೊಚ್ಚಲ ಮಗು, ಗಂಗೊಳ್ಳಿ ಬಂದರಿನ ಐಸ್ ಪುಡಿ ಮಾಡುವ ಮೆಷಿನ್ನಿನ ಪಕ್ಕದಲ್ಲಿ ಹನ್ನೆರಡು ವರ್ಷ ಬುಟ್ಟಿ ಹಿಡಿದು ನಿಂತ ಕಿವಿ ನನ್ನದು, ಹೋಗುತ್ತಾ ಇದೆಯೆಂದು ನನಗೇ ಗೊತ್ತಿರಲಿಲ್ಲ, ಲೋಕವೇ ಸ್ವಲ್ಪ ಸಭ್ಯವಾಗಿದೆ ಅಂದುಕೊಂಡಿದ್ದೆ. ಬಗ್ಗಿದೆ, ಬಹಳ ಮೆಲ್ಲಗೆ, ಬಹಳ ಪ್ರೀತಿಯಿಂದ ಹೇಳಿದೆ, ಎರಡನೇ ಸಲ ಹೇಳುವಷ್ಟರಲ್ಲಿ ಮಗುವಿನ ಬಾಯಿ ಇಷ್ಟಗಲ ತೆರೆದಿತ್ತು, ಮುಖ ಕೆಂಪು, ಯಾಕಪ್ಪಾ ಅಳುತ್ತಾನೆ ಎಂದು ತಲೆ ಎತ್ತಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದಾರೆ, ಮೂರನೇ ಮನೆಯ ಕಮಲ ಬೇಲಿಯ ಆಚೆಯಿಂದಲೇ ಕೇಳಿದಳಂತೆ, ಹ್ವಾಯ್, ಶೈಲೇಶ್ ಅಂಬುದು ಯಾರ್ ಮಾರಾಯ್ರೆ? ಹುಡುಗ ಸಂಜೆಯವರೆಗೆ ಅತ್ತ. ಈಗಲೂ ನನ್ನನ್ನು ಕಂಡರೆ ಎರಡು ಹೆಜ್ಜೆ ಹಿಂದೆಯೇ ನಿಲ್ಲುತ್ತಾನೆ, ಹದಿನಾಲ್ಕು ವರ್ಷದ ಗಂಡು. ನಗುವಂಥದ್ದೇ, ನಾನೂ ನಕ್ಕೆ, ಮೀನು ಮಾರುವವಳಿಗೆ ಗಂಟಲು ದೊಡ್ಡದಿದ್ದರೆ ಲಾಭವೇ, ನಾನು ಇಲ್ಲಿ ಬಂಗುಡೆ ಎಂದರೆ ಅಲ್ಲಿ ಮೂರು ಕೇರಿಯ ಆಚೆ ಮಸಾಲೆ ಅರೆಯಲು ಶುರು ಮಾಡುತ್ತಿದ್ದರು. ಆದರೆ ಎರಡನೇ ಮಗು ಪೂಜಿತಾಳ ಹೊತ್ತಿಗೆ ಸರಸ ನನ್ನನ್ನು ಕರೆದದ್ದು ಊಟದ ಸಮಯಕ್ಕೆ, ಹನ್ನೆರಡೂವರೆಗೆ ಬನ್ನಿ ಅಕ್ಕ, ನಿಮ್ಗ್ ಸುಮ್ನೆ ತ್ರಾಸ್ ಎಂತಕ್ಕೆ, ಹೋದರೆ ತೊಟ್ಟಿಲು ತೂಗಿಯಾಗಿದೆ, ಹೆಸರು ಹೇಳಿಯಾಗಿದೆ, ಹೇಳಿದ್ದು ಅವಳ ತಾಯಿ. ಪಾಯಸ ಹಾಕಿದರು, ಉಂಡೆ, ಚೆನ್ನಾಗಿದೆ ಎಂದೆ, ಮನೆಗೆ ಬಂದು ಬಾವಿಕಟ್ಟೆಯಲ್ಲಿ ಕೂತು ಅತ್ತೆ, ಅದನ್ನೂ ಮೆಲ್ಲಗೆ ಅತ್ತೆನೆಂದೇ ನನ್ನ ಲೆಕ್ಕ, ಮರುದಿನ ಕೇರಿಯ ಎಲ್ಲರೂ ಯಾಕೆ ಅತ್ತದ್ದು ಎಂದು ವಿಚಾರಿಸಿದರು.

ಅದಾದ ಮೇಲೆಯೇ ಮೊದಲ ಮೆಷಿನ್ನು ತಂದದ್ದು, ಬೆಂಕಿಪೆಟ್ಟಿಗೆಗಿಂತ ದೊಡ್ಡ ಡಬ್ಬಿ, ರವಕೆಯೊಳಗೆ ಇಟ್ಟುಕೊಳ್ಳುವುದು, ಅಲ್ಲಿಂದ ಕಿವಿಗೆ ಒಂದು ವಯರು, ಅದರಲ್ಲಿ ಕೇಳಿಸಿದ್ದು ಬರೀ ನನ್ನ ಸೀರೆಯ ಸರಸರ, ಮೀನಿನ ಬುಟ್ಟಿ ಹೊತ್ತು ಹೊರಟರೆ ಗಂಡಸರು ಅಡ್ಡ ಬಂದು ಕೈಸನ್ನೆ ಮಾಡುವರು, ಅಕ್ಕು, ಸ್ಕೋರ್ ಎಷ್ಟಾಯ್ತ್? ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದೇನೆಂದು ಅವರ ನಂಬಿಕೆ, ಮೊದಮೊದಲು ವಿವರಿಸಿದೆ, ಆಮೇಲೆ ಸಾಕಾಗಿ ನಾಲ್ಕ್ ಔಟ್ ಎನ್ನುತ್ತಿದ್ದೆ, ಒಂದು ದಿನ ಆಟವೇ ಇಲ್ಲದ ದಿನವೂ ನಾಲ್ಕು ಔಟ್ ಮಾಡಿಸಿದ್ದೇನೆ. ಅದನ್ನು ಬಿಚ್ಚಿಟ್ಟವಳು ಮತ್ತೆ ಹತ್ತಿರ ಹತ್ತಿರ ಎಂಟು ವರ್ಷ ತುಟಿ ನೋಡಿಕೊಂಡೇ ಬದುಕಿದೆ — ಈಗ ಯಾರೋ ಲೋಟ ಬೀಳಿಸಿದರು, ಅಮ್ಮಾ, ತಲೆಬುರುಡೆಯ ಒಳಗೇ ಬಿದ್ದಂತಾಯಿತು, ಬೆಚ್ಚಬೇಡ, ಗುಂಡಿ ಒತ್ತಿ ಶಬ್ದವನ್ನು ಒಂದು ಮೆಟ್ಟಿಲು ಇಳಿಸು, ಹೂ ಸರಿಮಾಡಿಕೊಳ್ಳುವ ಹಾಗೆ ಕೈ ಒಯ್ಯಬೇಕು ಎಂದು ಸೌಮ್ಯಶ್ರೀ ಹೇಳಿಕೊಟ್ಟಿದ್ದಾಳೆ. ಕುಂದಾಪುರದಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಅವಳು, ಸಿದ್ದಾಪುರದ ಕಡೆಯವಳು, ಗಾಜಿನ ಕೋಣೆಯಲ್ಲಿ ಕೂರಿಸಿ ಶಬ್ದ ಬಂದಾಗ ಗುಂಡಿ ಒತ್ತಿ ಆಂಟಿ ಎಂದಳು, ನಾನು ಸೋಲಬಾರದೆಂದು ಬಾರದಿದ್ದಾಗಲೂ ಒತ್ತಿದೆ, ಇದ್ ಪರೀಕ್ಷೆ ಅಲ್ಲ ಆಂಟಿ, ಇಲ್ಲಿ ಫೇಲ್ ಆಪುದಿಲ್ಲೆ. ಈ ಹೊಸ ಮೆಷಿನ್ನಿನಿಂದ ಕಂಪ್ಯೂಟರಿಗೆ ವಯರು ಹಾಕಿ ನನಗೆ ಯಾವ ಶಬ್ದ ಎಷ್ಟು ಕಡಿಮೆಯೋ ಅದನ್ನು ಮಾತ್ರ ಅಷ್ಟೇ ಎತ್ತಿಕೊಟ್ಟಳು, ದರ್ಜಿ ಅಳತೆ ತೆಗೆದು ಹೊಲಿದ ಹಾಗೆ. ಹೊರಗೆ ಬಂದಾಗ ನನಗೆ ಮೊಟ್ಟಮೊದಲು ಕೇಳಿಸಿದ್ದು ನನ್ನ ಗಂಡ ಐತ ಹೋಟೆಲಿನಲ್ಲಿ ಚಾ ಕುಡಿಯುವ ಶಬ್ದ, ಮೂವತ್ತು ವರ್ಷ ಈ ಮನುಷ್ಯ ಹೀಗೆಯೇ ಕುಡಿಯುತ್ತಿದ್ದನೇ, ಕಿವಿ ಹೋದದ್ದು ದೇವರು ಕೊಟ್ಟ ರಜೆಯಾಗಿತ್ತೇನೋ. ನಿಜ ಹೇಳಬೇಕೆಂದರೆ ಆ ಚಾ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಲೋಟ ತರಿಸಿಕೊಟ್ಟೆ.

ಒದ್ದೆ ಆಗಬಾರದು, ಒಣಗಿದ ಜಾಗದಲ್ಲಿಡಿ ಎಂದಿದ್ದಳು, ಸಣ್ಣ ಡಬ್ಬಿಯನ್ನೂ ಕೊಟ್ಟಿದ್ದಳು, ಒಳಗೆ ತೇವ ಹೀರುವ ಹರಳು. ಆದರೆ ಆಷಾಢದಲ್ಲಿ ಗಂಗೊಳ್ಳಿಯ ಮನೆಯೊಳಗೆ ಒಣಗಿದ್ದು ಎಂದರೆ ಒಂದೇ, ಒಲೆಯ ಮೇಲಿನ ಅಟ್ಟದಲ್ಲಿರುವ ಒಣಮೀನಿನ ಡಬ್ಬ, ಆ ಹರಳನ್ನು ಯಾರು ನಂಬುತ್ತಾರೆ, ನಮ್ಮ ಅಜ್ಜಿಯ ಕಾಲದಿಂದ ಮಳೆಗಾಲದಲ್ಲಿ ಬೆಂಕಿಪೆಟ್ಟಿಗೆ, ಮದ್ದು, ರೇಷನ್ ಕಾರ್ಡು, ಎಲ್ಲ ಅದರಲ್ಲೇ ಉಳಿದುಕೊಂಡು ಬಂದಿವೆ. ನಾಲ್ಕು ರಾತ್ರಿ ಸೀಗಡಿಯ ನಡುವೆ ಮೆಷಿನ್ನು ಸುಖವಾಗಿ ಮಲಗಿತು, ಐದನೇ ಬೆಳಿಗ್ಗೆ ಡಬ್ಬ ಉರುಳಿದೆ, ಬೆಕ್ಕು ಇಲ್ಲ, ಮೆಷಿನ್ನೂ ಇಲ್ಲ. ಆರಿಸಿರಲಿಲ್ಲ ನಾನು, ಆರಿಸದೆ ಬಿಟ್ಟರೆ ಅದು ಕುಂಯ್ ಎಂದು ಶಿಳ್ಳೆ ಹಾಕುತ್ತದೆ, ಬೆಕ್ಕಿನ ಬಾಯಲ್ಲಿ ಶಿಳ್ಳೆ, ಮಾಡಿನ ಮೇಲೆ ಶಿಳ್ಳೆ, ಹಟ್ಟಿಯ ಹಿಂದೆ ಶಿಳ್ಳೆ, ಇಡೀ ಕೇರಿಗೆ ಕೇಳುತ್ತದೆ, ಕೇಳದಿರುವುದು ಅದರ ಯಜಮಾನಿಗೊಬ್ಬಳಿಗೇ. ಐತ ಬಲಕ್ಕೆ ಕೈ ತೋರಿಸಿದರೆ ನಾನು ಬಲಕ್ಕೆ ಓಡಿದೆ, ಪಕ್ಕದ ಮನೆಯವಳು ಎಡಕ್ಕೆ ತೋರಿಸಿದರೆ ಎಡಕ್ಕೆ, ಕೊನೆಗೆ ಸೌದೆ ರಾಶಿಯ ಮೇಲೆ ಬೆಕ್ಕೇ ತನ್ನ ಮೀನು ಕೂಗುತ್ತಿದೆಯೆಂದು ಹೆದರಿ ಉಗುಳಿ ಓಡಿತಂತೆ. ಸೌಮ್ಯಶ್ರೀ ಅದನ್ನು ಎರಡು ಬೆರಳಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದು ದೂರ ಮಾಡಿದಳು, ಆಂಟಿ, ಇದ್ ಎಂತ ವಾಸ್ನಿ? ಸೀಗಡಿ, ಎಂದೆ. ಕಿವಿಯೊಳಗೆ ಕೂರುವ ಅಚ್ಚನ್ನು ಬದಲಿಸಿಕೊಟ್ಟಳು, ಬೈದಳು, ನಗುತ್ತಲೇ ಬೈದಳು, ಆಮೇಲೆಯೇ ನಾನು ಅವಳಿಗೆ ಈ ಹೆಸರಿನ ಸಂಗತಿ ಹೇಳಿದ್ದು.

ಗಂಟ್ಲ್ ಬ್ಯಾಡ ಆಂಟಿ, ಉಸ್ರಂಗೆ ಹೇಳಿ, ಎಂದಳು, ನನ್ನ ಬೆರಳನ್ನು ನನ್ನದೇ ಗಂಟಲ ಮೇಲೆ ಇಟ್ಟಳು, ಇಲ್ಲಿ ನಡುಗಿರೆ ಅದ್ ಗುಟ್ಟಲ್ಲ. ಐವತ್ತು ವರ್ಷ ನಡುಗಿದ್ದೇ ನಡುಗಿದ್ದು ಈ ಗಂಟಲು, ನಿಲ್ಲು ಎಂದರೆ ನಿಲ್ಲುತ್ತದೆಯೇ, ಮನೆಗೆ ಬಂದು ಐತನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದೆ, ಕೇಳಿದರೆ ಕೈ ಎತ್ತಬೇಕು. ಮೊದಲ ದಿನ ನಾನು ಬಾಯಿ ತೆರೆಯುವ ಮೊದಲೇ ಎತ್ತಿದ, ಸಂಸಾರದ ಅಭ್ಯಾಸ. ಒಂದು ವಾರ ಹೀಗೇ, ಅಂಗಳದಲ್ಲಿ ಒಬ್ಬಳು ಬಾಯಿ ಆಡಿಸುವುದು, ಒಬ್ಬ ಕೈ ಎತ್ತುವುದು, ಎಂಟನೇ ದಿನ ನಿಮ್ ತಂಗಿ ಬಂದ್ರೆ ನಾನ್ ಚಾ ಮಾಡುದಿಲ್ಲೆ ಎಂದೆ, ಕೈ ಮೇಲೇಳಲಿಲ್ಲ, ಮತ್ತೊಮ್ಮೆ ಹೇಳಿದೆ, ಇಲ್ಲ, ಕೇಂತಾ ಎಂದು ಸನ್ನೆಯಲ್ಲಿ ಕೇಳಿದರೆ ಕೇಂತಿಲ್ಲೆ ಎಂದು ತಲೆ ಅಲ್ಲಾಡಿಸಿದ, ನನಗೆ ಮಾತ್ರ ಕೇಳುತ್ತಿತ್ತು, ನನ್ನದೇ ಉಸಿರು, ಅದರೊಳಗೆ ನನ್ನದೇ ಮಾತು — ಅಲ್ಲಿ ಅಮಿತಾ, ಜಿತೇಂದ್ರನ ಹೆಂಡತಿ, ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದಾಳೆ, ಸರಸ ಹೋಗಿ ಅವಳ ಪಕ್ಕ ನಿಂತಳು, ನನಗೆ ನಾಲ್ಕೇ ಮಾರು ದೂರ, ನನಗೆ ಕೇಳುವುದಿಲ್ಲವೆಂಬ ಧೈರ್ಯ ಅವರಿಗೆ. ಅಮಿತಾ ಕೇಳಿದಳು, ಸರಸಕ್ಕ, ಹತ್ತಿ ಇಟ್ಟಾಯ್ತಾ? ಸರಸ ಹೇಳಿದಳು, ಎರಡೂ ಕೆಮಿಗೆ ಇಟ್ಟಿದ್ದೆ, ಮೇಲೆ ಟೊಪ್ಪಿ ಹಾಕಿದ್ದೆ, ಅವ್ರಿಗೆ ಕಾಂಬುದಿಲ್ಲೆ.

ಮಗುವಿನ ಕಿವಿಗೆ ಹತ್ತಿ. ಹಪ್ಪಳ, ಫ್ಯಾನು, ಬಳೆ, ಎಲ್ಲ ಒಮ್ಮೆ ದೂರ ಹೋಯಿತು, ಗುಂಡಿ ಒತ್ತಲಿಲ್ಲ ನಾನು. ಸಿಟ್ಟು ಬಂತು, ಮೀನು ಕೊಯ್ಯುವ ಕತ್ತಿಯ ನೆನಪಾಗುವಷ್ಟು ಬಂತು, ಎದ್ದು ಹೊರಟುಬಿಡಲೇ, ಮನೆ ಕಡೆಗೆ ಬಸ್ಸು ಹನ್ನೊಂದಕ್ಕಿದೆ, ಆದರೆ ಜಿತೇಂದ್ರ ಮನೆಗೇ ಬಂದು ಕರೆದಿದ್ದನಲ್ಲ, ನನ್ನ ಮುಖದ ಎದುರೇ ನಿಂತು, ತುಟಿ ದೊಡ್ಡ ಮಾಡಿ, ಹೆಸ್ರ್ ನೀನೇ ಹೇಳ್ಕ್ ಅಕ್ಕ, ಊರಿಗೇ ಕೇಂಡ್ರೂ ಅಡ್ಡಿಲ್ಲೆ. ಈಗಲೂ ಅವನೇ ಕೈ ಬೀಸುತ್ತಿದ್ದಾನೆ, ಬಾ ಅಕ್ಕ. ಹೊರಟೆ. ಕುರ್ಚಿಗಳು ಹಿಂದೆ ಸರಿಯುವುದು ಕೇಳುತ್ತದೆ, ಒಂದೊಂದಾಗಿ, ಗರ್ ಗರ್ ಎಂದು, ಯಾರೋ ಮುದುಕರು ಆಗಲೇ ಎರಡು ಕಿವಿಗೂ ಬೆರಳು ಹಾಕಿ ಕೂತಿದ್ದಾರೆ, ಸರಸ ಸೆರಗನ್ನು ಕಿವಿಗೆ ಒತ್ತಿಕೊಂಡಿದ್ದಾಳೆ, ಶೈಲೇಶ್ ಅಂಗಳಕ್ಕೇ ಇಳಿದ, ಜಿತೇಂದ್ರ ಒಬ್ಬನೇ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಾನೆ, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿ. ಬಗ್ಗಿದೆ. ಮಗು ಎಚ್ಚರವಾಗಿದೆ, ಕಾಲು ಒದೆಯುತ್ತಿದೆ, ಎಡಗಾಲು, ಬಟ್ಟೆಯಿಂದ ಹೊರಗೆ ಬಂದ ಒಂದೇ ಕಾಲು, ಗೆಜ್ಜೆ ಇನ್ನೂ ಹಾಕಿಲ್ಲ, ತೊಟ್ಟಿಲ ಬಟ್ಟೆಗೆ ತಪ್ ತಪ್ ಎಂದು ಬಡಿಯುತ್ತಿದೆ, ಅದೂ ಕೇಳುತ್ತದೆ ನನಗೆ, ಟೊಪ್ಪಿ ಸರಿಸಿ ಹತ್ತಿಯ ಉಂಡೆ ತೆಗೆದೆ, ಒಂದು ಕಿವಿಯದ್ದು, ಇನ್ನೊಂದರದ್ದು, ಎರಡನ್ನೂ ಹಿಂದೆ ತಿರುಗದೆ ಸರಸನ ಕಡೆಗೆ ಚಾಚಿದೆ, ಯಾರ ಕೈಯೋ ತೆಗೆದುಕೊಂಡಿತು, ಅಯ್ಯೋ ಕೇಂಡಿತ್ತಾ ಇವ್ರಿಗೆ, ಕೇಳಿತು ಸರಸ, ಅದೂ ಕೇಳಿತು.

ಬೆರಳು ಗಂಟಲ ಮೇಲೆ, ಮಗುವಿನ ಕಿವಿ ಇಷ್ಟೇ ಇಷ್ಟು, ಬಿಸಿ, ಎಣ್ಣೆಯ ವಾಸನೆ, ಉಸಿರು ಬಿಡು ಅಕ್ಕು, ಬರೀ ಉಸಿರು, ಒಂದು ಸಲ, ಗಂಟಲು ನಡುಗಲಿಲ್ಲ, ಎರಡು ಸಲ, ಕಾಲು ತಪ್ ಎನ್ನಲು ಮೇಲೆ ಹೋಯಿತು, ಕೆಳಗೆ ಬರಲಿಲ್ಲ, ಮೂರು ಸಲ — ಹಿಂದೆ ಅವರ ಬೆರಳು ಇನ್ನೂ ಕಿವಿಯಲ್ಲೇ ಇರಬೇಕು, ಫ್ಯಾನು ಟಕ್ ಟಕ್, ಹೇಳಿ ಅಕ್ಕ, ಎಂತಕ್ಕೆ ಸುಮ್ನೆ ನಿಂತ್ರಿ, ಹೇಳಿ, ಸರಸನ ಧ್ವನಿ, ಹೆದರಬ್ಯಾಡಿ, ನಾವ್ ಕೆಮಿ ಮುಚ್ಕಂಡಿತ್, ಹೇಳಿಯಾಗಿದೆ ನಾನು, ಮೂರು ಸಲವೂ, ನಿಮಗೆ ಯಾರಿಗೂ ಕೇಳಲಿಲ್ಲ, ಅಮ್ಮಾ, ಯಾರಿಗೂ ಕೇಳಲಿಲ್ಲ, ತಿರುಗಿ ಹೇಳಬೇಕು ಇವರಿಗೆ, ತಿರುಗುತ್ತೇನೆ, ಈಗ ತಿರುಗುತ್ತೇನೆ, ಆದರೆ ಆ ಕಾಲು, ಹೆಬ್ಬೆರಳು ಅಗಲಿಸಿಕೊಂಡು, ಒದೆಯುವುದನ್ನು ಅರ್ಧಕ್ಕೇ ಬಿಟ್ಟು, ಇನ್ನೂ ಏನಾದರೂ ಇದೆಯೇ ಎಂದು ಕೇಳಿಸಿಕೊಳ್ಳುತ್ತಾ, ಮೇಲೆಯೇ ನಿಂತಿದೆ ಆ ಕಾಲು