ಏಳು ಕೊಂಬಿನ ಕಿರೀಟ

ನಾಟಕ ಕಂಪನಿಯ ಕರಪತ್ರದಲ್ಲಿ ಹಾರ್ಮೋನಿಯಂ ಬಾರಿಸುವವನ ಹೆಸರಿರುತ್ತಿತ್ತು, ಪರದೆ ಬರೆದವನ ಹೆಸರಿರುತ್ತಿತ್ತು, ಸೋಡಾ ಅಂಗಡಿಯವನ ಹೆಸರೂ ಇರುತ್ತಿತ್ತು. ಮೂವತ್ತು ವರ್ಷ ಕಿರೀಟ ಮಾಡಿದ ಸಿದ್ರಾಮಪ್ಪನ ಹೆಸರು ಮಾತ್ರ ಒಮ್ಮೆಯೂ ಅಚ್ಚಾಗಲಿಲ್ಲ. ಅವನಿಗಿದ್ದ ಮರ್ಯಾದೆ ಒಂದೇ. ಕಿರೀಟವನ್ನು ಮಾಡಿದವನ ಕೈಯಿಂದಲೇ ತಲೆಗೆ ಇಡಿಸಿಕೊಳ್ಳಬೇಕು ಎಂಬುದು ಕಂಪನಿಯ ಪದ್ಧತಿ. ಚಕ್ರವರ್ತಿ ಪಾತ್ರದವನಾದರೂ ಆ ಗಳಿಗೆಯಲ್ಲಿ ಅವನೆದುರು ತಲೆ ಬಗ್ಗಿಸಲೇಬೇಕಿತ್ತು.

ಕಂಪನಿ ಮುಚ್ಚಿದ ಮೇಲೆ ಧಾರವಾಡ ಬಿಟ್ಟು ಪುಣೆಯ ಧನಕವಡಿಯಲ್ಲಿ ಮಗಳು ಸ್ನೇಹಲ್ ಜೊತೆ ಇದ್ದ. ಬಲಗೈ ನಡುಗತೊಡಗಿತ್ತು. ವರ್ಷದೊಳಗೆ ಚಮಚ ಹಿಡಿಯುವುದೂ ಕಷ್ಟವಾದೀತು ಎಂದು ಡಾಕ್ಟರು ಹೇಳಿದ ವಾರವೇ ಮಗಳು ಮೊಬೈಲಿನಲ್ಲಿ ವಿಡಿಯೊ ಗೇಮಿನ ಒಬ್ಬ ರಾಣಿಯನ್ನು ತೋರಿಸಿದಳು. ಆ ರಾಣಿಯ ವೇಷ ತೊಟ್ಟು ಕಾಸ್‌ಪ್ಲೇ ಸ್ಪರ್ಧೆಗೆ ಹೋಗುವ ಹುಚ್ಚು ಅವಳಿಗೆ. ರಾಣಿಯ ತಲೆಯ ಮೇಲೆ ಏಳು ಕೊಂಬಿನ ಕಿರೀಟ.

“ಇದು ನಿನ್ನ ಕಡೀ ಕಿರೀಟ ಆಗ್ಲಿ ಅಪ್ಪಾ. ಈ ಸಲ ಮೈಕಿನ್ಯಾಗ ನಿನ್ನ ಹೆಸರು ಹೇಳ್ತೀನಿ.”

ಅಷ್ಟು ಸಾಕಾಯಿತು. ಅವಳು ತಂದ ಫೋಮ್ ಹಾಳೆಯನ್ನು ಒತ್ತಿ ನೋಡಿ, “ಚಪ್ಪಲಿಗೆ ಛಲೋ ಅದ” ಎಂದು ಬದಿಗಿಟ್ಟ. ಹಳೆಯ ಕಾಗದ ನೆನೆಸಿದ, ಹುಣಸೆ ಬೀಜದ ಅಂಟು ಕುದಿಸಿದ. ನಡುಗುವ ಬಲಗೈಯನ್ನು ಎಡಗೈಯಿಂದ ಬಿಗಿಹಿಡಿದು ಹೊಳೆಯುವ ಬೇಗಡೆ ಅಂಟಿಸಿದ. ಒಂದೊಂದು ಕೊಂಬಿಗೆ ಹತ್ತು ದಿನ. ಕೈ ಮಾತು ಕೇಳದ ದಿನ ಯಾರಿಗೂ ಕಾಣದಂತೆ ಅತ್ತೂ ಬಿಟ್ಟ.

ಕೊನೆಯ ವಾರ ಸ್ನೇಹಲ್, “ಸ್ವಲ್ಪ ಆಕಡೆ ಸರಿ ಅಪ್ಪಾ, ಫೋಟೊ ತಗಸ್ಕೋತೀನಿ” ಎಂದು ಅವನ ಮಣೆಯ ಮೇಲೆ ಕುಳಿತಳು. ಅವನ ಕತ್ತರಿಸುವ ಚೂರಿಯನ್ನು ಅವಳು ಹಿಡಿದದ್ದು ತಪ್ಪಾಗಿತ್ತು. “ಹಂಗಲ್ಲವಾ, ಹೆಬ್ಬಟ್ಟು ಮ್ಯಾಲೆ” ಎಂದು ತಾನೇ ತಿದ್ದಿದ. ಚಿತ್ರದಲ್ಲಿ ತನ್ನ ನೆರಳೂ ಬೀಳದಿರಲೆಂದು ಬಾಗಿಲಿನಾಚೆ ಹೋಗಿ ನಿಂತ. ಬಣ್ಣ ಹಚ್ಚಿಕೊಳ್ಳುವವರ ಸಡಗರ ಅವನಿಗೇನು ಹೊಸದೇ?

ಸ್ಪರ್ಧೆಯ ಬೆಳಿಗ್ಗೆ ಮನೆಯಲ್ಲೇ ಅವಳ ತಲೆಗೆ ಕಿರೀಟ ಇಟ್ಟು ಶಾಸ್ತ್ರ ಮುಗಿಸಿದ. ಸಭಾಂಗಣದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಕುಳಿತ. ಸ್ನೇಹಲ್ ವೇದಿಕೆಗೆ ಬಂದಾಗ ಜನ ಎದ್ದು ನಿಂತರು. ಹಿಂದಿನ ದೊಡ್ಡ ಪರದೆಯ ಮೇಲೆ ಆ ಫೋಟೊಗಳು ಒಂದೊಂದಾಗಿ ಬಂದವು. ಎಲ್ಲದರಲ್ಲೂ ಅವಳೇ, ಹೆಬ್ಬೆರಳು ಸರಿಯಾಗಿ ಮೇಲೆ.

ತೊಟ್ಟವರೇ ಮಾಡಿರಬೇಕೆಂಬುದು ನಿಯಮ, ಇದನ್ನೆಲ್ಲ ನೀನೇ ಮಾಡಿದೆಯಾ ಎಂದು ತೀರ್ಪುಗಾರರು ಮರಾಠಿಯಲ್ಲಿ ಕೇಳಿದರು. ಹೌದು, ನಾನೇ ಎಂದಳು. ಯಾರು ಕಲಿಸಿದರು ಎಂದರು. ಯೂಟ್ಯೂಬ್ ನೋಡಿ ಕಲಿತೆ ಎಂದಳು.

ಸಿದ್ರಾಮಪ್ಪನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಬಾರದಿದ್ದರೇ ಪುಣ್ಯವಾಗಿರುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ಕೈ ಎತ್ತಿದ, ಎರಡೂ ಒಂದಕ್ಕೊಂದು ಕೂಡಲಿಲ್ಲ.

ಮೊದಲ ಬಹುಮಾನ ಅವಳಿಗೇ ಬಂತು. ಕೆಳಗಿಳಿದವಳೇ ಓಡಿಬಂದಳು. “ಅಪ್ಪಾ, ಒಂದು ಕೊಂಬು ಸಡ್ಲ ಆಗ್ಯದ. ಫೋಟೊಕ್ಕ ಕರೀತಾರ. ಇಲ್ಲಿ ಬ್ಯಾಡ, ಮಂದಿ ನೋಡ್ತಾರ.”

ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕುಳಿತು ಅವನು ಕೊಂಬಿನ ಬುಡದ ತಂತಿ ಬಿಗಿದ. ಅವಳು ಪಕ್ಕದಲ್ಲಿ ನಿಂತು, “ಆ ನಿಯಮ ನನಗ ಫಾರ್ಮ್ ತುಂಬೂವಾಗ ಗೊತ್ತಾತು. ಅಷ್ಟೊತ್ತಿಗೆ ನೀ ಐದು ಕೊಂಬು ಮುಗಿಸಿದ್ದಿ. ಹ್ಯಾಂಗ ಹೇಳ್ಲಿ?” ಎಂದಳು.

ಅವನು ತಂತಿಯನ್ನು ಇನ್ನೊಂದು ಸುತ್ತು ಸುತ್ತಿದ. ಮಗಳ ಮೇಲೆ ಸಿಟ್ಟು ಮಾಡುವ ತ್ರಾಣ ಇರಲಿಲ್ಲ. ತಂತಿ ಕೂತಿತು. ಸ್ನೇಹಲ್ ರೂಢಿಯಂತೆ ತಲೆ ಬಗ್ಗಿಸಿದಳು.

ಅವನು ಕಿರೀಟವನ್ನು ಅವಳ ಕೈಗೆ ಕೊಟ್ಟ.

“ಮಾಡಿದವರ ಕೈಲೆ ಇಡಬೇಕು,” ಎಂದ. “ನೀನ ಇಟ್ಕೋವಾ.”

ಬಗ್ಗಿಸಿದ ತಲೆಯನ್ನು ಅವಳು ಸ್ವಲ್ಪ ಹೊತ್ತು ಎತ್ತಲೇ ಇಲ್ಲ. ಒಳಗೆ ಅವಳ ಹೆಸರು ಕೂಗಿದರು. ಕಿರೀಟ ತಾನೇ ಇಟ್ಟುಕೊಂಡು ಹೊರಟಳು. ಅದು ಎಡಕ್ಕೆ ವಾಲಿತ್ತು. ಸಿದ್ರಾಮಪ್ಪ ನೋಡಿದ, ಕರೆಯಲಿಲ್ಲ.