ಆಷಾಢದ ಲಾಡ್ಜು

ಮದುವೆಯಾದ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಚಾಮರಾಜಪೇಟೆಯ ಸುಪ್ರಜಾ ಮಾತ್ರ ಅದನ್ನು ಕಾಗದದ ಮೇಲೆ ತೋರಿಸಬೇಕಾಗಿತ್ತು. ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ, ಏಕೆಂದರೆ ಅವರಿಬ್ಬರೂ ಒಂದು ದಿನವೂ ಒಂದೇ ಮನೆಯಲ್ಲಿ ಇದ್ದವರಲ್ಲ.

ಗಂಡನ ಹೆಸರು ಕಾಲಿನ್. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಎಲೆಕ್ಟ್ರಿಷಿಯನ್. ಸುಪ್ರಜಾ ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಮೇಡಂ. ಸಂಜೆ ಮೇಲೆ ಆನ್‌ಲೈನಿನಲ್ಲಿ ಹೊರದೇಶದ ಮಕ್ಕಳಿಗೂ ಪಾಠ ಹೇಳುತ್ತಿದ್ದಳು. ಅವನ ಅಕ್ಕನ ಮಗ ಅವಳ ಶಿಷ್ಯ. ಹುಡುಗನ ಪಕ್ಕದಲ್ಲಿ ಕೂತು ಮಾವನೂ ಭಿನ್ನರಾಶಿ ಕಲಿತ. ಮೂರು ವರ್ಷ ಹೀಗೇ ಕಳೆದು, ಅವಳಿಗೆ ಮೂವತ್ತೊಂಬತ್ತು ತುಂಬಿದಾಗ, ಕಲಿತದ್ದು ಸಾಕು ಮದುವೆ ಆಗೋಣ ಅಂದ.

ಎರಡು ತಿಂಗಳ ರಜೆ ಹಾಕಿ ಬಂದು ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ಇಳಿದುಕೊಂಡ, ಪಾಪ. ಮೊದಲ ತಿಂಗಳು ರಿಜಿಸ್ಟ್ರಾರ್ ಕಚೇರಿಯ ಮೂವತ್ತು ದಿನದ ನೋಟಿಸಿಗೆ ಹೋಯಿತು. ಜ್ಯೇಷ್ಠ ಮಾಸದ ಕೊನೆಯ ದಿನ ಸಹಿಯಾಯಿತು, ಹಾರ ಬದಲಾಯಿತು, ಅಣ್ಣ ಒಂದು ಊಟ ಹಾಕಿಸಿದ. ಮಾರನೆಯ ದಿನದಿಂದ ಆಷಾಢ. ತಾಯಿ ಜಾನಕಮ್ಮ ಗೋಡೆಯ ಪಂಚಾಂಗ ನೋಡಿದವರೇ, ಹೊಸದಾಗಿ ಮದುವೆಯಾದ ಹೆಣ್ಣು ಆಷಾಢ ಕಳೆಯುವ ತನಕ ತವರಿನಲ್ಲೇ ಇರಬೇಕು, ಅಳಿಯಂದಿರು ಲಾಡ್ಜಿನಲ್ಲೇ ಇರಲಿ ಅಂದುಬಿಟ್ಟರು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದು ಅನ್ನುವುದು ಹಳೇ ಮಾತು. ಇಲ್ಲಿ ಅತ್ತೆಯೇ ಸಮುದ್ರದಾಚೆ ಇದ್ದಳು. ಇದ್ಯಾವ ಸೀಮೆ ಶಾಸ್ತ್ರ ಅಂತ ಯಾರೂ ಕೇಳಲಿಲ್ಲ. ಸುಪ್ರಜಾ ಕೂಡ ಕೇಳಲಿಲ್ಲ. ಬಿಳೀ ಅಳಿಯನ ವಿಷಯಕ್ಕೆ ಅಮ್ಮನನ್ನು ಒಪ್ಪಿಸುವಷ್ಟರಲ್ಲೇ ಅವಳು ಹಣ್ಣುಗಾಯಿ ನೀರುಗಾಯಿ ಆಗಿದ್ದಳು.

ಕಾಲಿನ್ ದಿನಾ ಸಂಜೆ ಬಸ್ಸಿನಲ್ಲಿ ಬರುತ್ತಿದ್ದ. ಹಜಾರದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ಹೆಂಡತಿಯ ಜೊತೆ ಬೀದಿ ಸುತ್ತುತ್ತಿದ್ದ. ಎಂಟು ಗಂಟೆಯಾದರೆ ಜಾನಕಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವನು ಕೈಮುಗಿದು ಹೊರಡುತ್ತಿದ್ದ. ಹೀಗೆ ಇಪ್ಪತ್ತೊಂಬತ್ತು ದಿನ. ಆಮೇಲೆ ವಿಮಾನ ಹತ್ತಿದ.

ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿಂದ ಅವನು ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿದ. ಇಲ್ಲಿಂದ ಸುಪ್ರಜಾ ಪೊಲೀಸ್ ಸರ್ಟಿಫಿಕೇಟು, ಮೆಡಿಕಲ್ಲು, ಮೂರು ವರ್ಷದ ಚಾಟಿನ ಪ್ರಿಂಟು ಎಲ್ಲ ಹೊಂದಿಸಿದಳು. ಜೆರಾಕ್ಸ್ ಅಂಗಡಿಯವನು ಅವಳನ್ನು ಕಂಡರೆ ಕೇಳದೆಯೇ ಸ್ಟೂಲು ಹಾಕುತ್ತಿದ್ದ. ಮದುವೆಯ ನಂತರ ಇಬ್ಬರೂ ಎಲ್ಲಿ ವಾಸವಿದ್ದಿರಿ ಎಂಬ ಪ್ರಶ್ನೆಗೆ ಅವಳು ಎರಡು ವಿಳಾಸ ಬರೆದಳು, ತನ್ನದೊಂದು, ಲಾಡ್ಜಿನದೊಂದು. ಲೆಕ್ಕದ ಮೇಡಂಗೆ ಸುಳ್ಳು ಉತ್ತರ ಬರೆದು ಅಭ್ಯಾಸವಿಲ್ಲ. ಹನ್ನೊಂದು ತಿಂಗಳು ಕಾಯಿಸಿ ವೀಸಾ ಕಚೇರಿಯಿಂದ ಪತ್ರ ಬಂತು. ಮದುವೆಯಾದ ಮಾರನೆಯ ದಿನದಿಂದಲೇ ಬೇರೆ ಬೇರೆ ಇದ್ದೀರಿ, ಈ ಮದುವೆ ನಿಜವೆಂದು ನಂಬುವುದು ಹೇಗೆ, ಮೂವತ್ತು ದಿನದೊಳಗೆ ವಿವರಣೆ ಕೊಡಿ, ಇಲ್ಲವಾದರೆ ಅರ್ಜಿ ತಿರಸ್ಕಾರ. ಓದಿ ಅವಳಿಗೆ ಅಳು ಬರಲಿಲ್ಲ. ಮಲಗಬೇಕು ಅನ್ನಿಸಿತು.

ಬೀದಿಯ ಕೊನೆಯಲ್ಲಿ ವರದರಾಜ ಎಂಬ ನೋಟರಿ ವಕೀಲರಿದ್ದರು. ಆಷಾಢದ ಪದ್ಧತಿ ಏನೆಂದು ಬರೆದು, ತಾಯಿಯಿಂದಲೇ ಪ್ರಮಾಣಪತ್ರ ಕೊಡಿಸಿದರೆ ಕೆಲಸ ಆಗುತ್ತದೆ ಅಂದರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಸುಪ್ರಜಾ ತಾಯಿಯನ್ನು ಕರೆದುಕೊಂಡು ಹೋದಳು. ಜಾನಕಮ್ಮ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ವರದರಾಜರು ತಾವೇ ಟೈಪು ಮಾಡುತ್ತಾ, ಓದಿ ಹೇಳುತ್ತಾ, ಪದ್ಧತಿ ತಲೆತಲಾಂತರದಿಂದ ಬಂದದ್ದು ಎಂಬಲ್ಲಿಗೆ ಬಂದು ಬೆರಳು ನಿಲ್ಲಿಸಿದರು.

"ದೊಡ್ ಮಗಳ ಮದುವೇಲೂ ಹೀಗೇ ಮಾಡಿದ್ರಿ ತಾನೆ? ಅದನ್ನೂ ಸೇರಿಸ್ಬಿಡೋಣ, ಗಟ್ಟಿಯಾಗತ್ತೆ."

ಸುಪ್ರಜಾ ತಾಯಿಯ ಕಡೆ ತಿರುಗಲಿಲ್ಲ, ತಿರುಗುವ ಅಗತ್ಯವೂ ಇರಲಿಲ್ಲ. ಅಕ್ಕ ಆರಾಧನಾಳ ಮದುವೆಯೂ ಜ್ಯೇಷ್ಠದಲ್ಲೇ ಆದದ್ದು. ಮಲ್ಲೇಶ್ವರದ ತಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದಾರೆಂದು ಭಾವ ಅಭಿರಾಮ ಆ ಆಷಾಢವೆಲ್ಲ ಇವರ ಮನೆಯಲ್ಲೇ, ಮುಂದಿನ ಕೋಣೆಯಲ್ಲಿ, ಅಕ್ಕನ ಜೊತೆಗೇ ಇದ್ದ. ಕಾಲ ಬದಲಾಗಿದೆ, ಇದನ್ನೆಲ್ಲ ಈಗ ಯಾರು ನೋಡುತ್ತಾರೆ ಅಂತ ಅಮ್ಮನೇ ಹೇಳುತ್ತಾ ಅಳಿಯನಿಗೆ ಹೋಳಿಗೆ ಬಡಿಸಿದ್ದರು. ಸುಪ್ರಜಾ ಇದನ್ನು ಮರೆತಿರಲಿಲ್ಲ. ತನ್ನ ಸರದಿ ಬಂದಾಗ ನೆನಪಾಗಿತ್ತು ಕೂಡ. ನೆನಪು ಮಾಡಿಕೊಂಡರೆ ಜಗಳವಾಡಬೇಕಲ್ಲ ಅಂತ ಬಿಟ್ಟಿದ್ದಳು.

ಸುಮ್ಮನೆ ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ವರದರಾಜರು ಬರೆದುಕೊಳ್ಳುತ್ತಿದ್ದರು, ಹೊರದೇಶದ ಅಧಿಕಾರಿ ಮಲ್ಲೇಶ್ವರಕ್ಕೆ ಬಂದು ವಿಚಾರಿಸುತ್ತಾನೆಯೇ? ಆದರೆ ಜಾನಕಮ್ಮ ಏನೇ ಮಾಡಿದ್ದರೂ ದೇವರ ಹೆಸರಿನ ಪ್ರಮಾಣಕ್ಕೆ ಹೆದರುವ ಹೆಂಗಸು.

"ಇಲ್ಲ," ಅಂದರು. "ಅದನ್ನೆಲ್ಲ ಹೊಡೆದು ಹಾಕಿ. ಶಾಸ್ತ್ರ ಅಲ್ಲ ಅದು. ಅವ್ನು ನಂಗಿಷ್ಟ ಇರ್ಲಿಲ್ಲ. ಲಾಡ್ಜಲ್ಲಿ ಬಿದ್ದಿದ್ರೆ ಬೇಜಾರಾಗಿ ಅವನಷ್ಟಕ್ಕೆ ಅವನೇ ಹೋಗ್ತಾನೆ ಅಂದ್ಕೊಂಡೆ. ಇವ್ಳು ನಾಲ್ಕು ದಿನ ಅಳ್ತಾಳೆ, ಆಮೇಲೆ ಸರಿಹೋಗ್ತಾಳೆ ಅಂದ್ಕೊಂಡೆ. ಅವ್ನು ದಿನಾ ಬಂದ. ಒಂದಿನಾನೂ ತಪ್ಪಿಸಲಿಲ್ಲ. ಹಾಗೇ ಬರೀರಿ."

ವರದರಾಜರು ಕನ್ನಡಕ ತೆಗೆದು ಒರೆಸಿದರು. ಮನೆ ಮಾತು ಕಡತಕ್ಕೆ ಹೋದರೆ ಹಾಗೇ ಉಳಿಯುತ್ತದೆ, ಯೋಚನೆ ಮಾಡಿ ಅಂತ ಮೆಲ್ಲಗೆ ಹೇಳಿದರು. ಜಾನಕಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಮಗಳನ್ನು ನೋಡುತ್ತಿದ್ದರು, ಬೈದರೂ ಸರಿ, ಏನಾದರೂ ಅನ್ನಲಿ ಎಂದು ಕಾಯುತ್ತಿದ್ದರು.

ಸುಪ್ರಜಾಗೆ ಕೋಪ ಬಂದಿತ್ತು. ಆದರೆ ಬಾಯಿ ತೆರೆದಾಗ ಧ್ವನಿ ಏರಲೇ ಇಲ್ಲ.

"ಇಪ್ಪತ್ತೊಂಬತ್ತು ದಿನ ಇತ್ತಮ್ಮ ನಂಗೆ," ಅಂದಳು. "ಅಷ್ಟೇ ಇದ್ದಿದ್ದು."

ಜಾನಕಮ್ಮ ತಲೆ ತಗ್ಗಿಸಿ ಸೀರೆಯ ಅಂಚನ್ನು ನೀವುತ್ತಾ ಕೂತರು. ಕಾಗದ ಸಿದ್ಧವಾದ ಮೇಲೆ, ಕೊನೆಯ ಪುಟಕ್ಕೊಂದು ಸಹಿ ಸಾಕು ಅಂದರೂ ಕೇಳದೆ, ಪ್ರತಿ ಪುಟಕ್ಕೂ ಹೆಸರು ಬರೆದರು. ಮನೆಗೆ ಹೋಗುವಾಗ ತಾಯಿ ಮಗಳು ಬೀದಿಯ ಎರಡು ಬದಿಯಲ್ಲಿ ನಡೆದರು.

ಆರು ವಾರ ಕಳೆದು ಒಪ್ಪಿಗೆ ಬಂತು. ಅಮ್ಮನ ಆ ಕಾಗದದಿಂದಲೇ ಬಂತು. ಅದೇ ದೊಡ್ಡ ಕಷ್ಟವಾಯಿತು ಸುಪ್ರಜಾಗೆ. ಕ್ಷಮಿಸೋಣವೆಂದರೆ ಮನಸ್ಸು ಬರುತ್ತಿರಲಿಲ್ಲ, ಸಿಟ್ಟಾಗೋಣವೆಂದರೆ ಋಣ ಅಡ್ಡ ಬರುತ್ತಿತ್ತು. ಅವತ್ತು ಸಂಜೆ ಸ್ಕೂಲಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಕಾಲಿನ್‌ಗೆ ಫೋನು ಮಾಡಿದಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು, ಅವನು ಕೆಲಸಕ್ಕೆ ಹೊರಟಿದ್ದ. ಒಪ್ಪಿಗೆಯ ಸುದ್ದಿ ಕೇಳಿ ಅವನು ನಕ್ಕ, ಆಮೇಲೆ ಮೂಗೆಳೆದುಕೊಂಡ. ಅಮ್ಮನ ಹೇಳಿಕೆಯಲ್ಲಿ ಏನಿತ್ತೆಂದು ಅವಳು ಇಷ್ಟು ದಿನ ಅವನಿಗೆ ಹೇಳಿರಲಿಲ್ಲ, ಅದನ್ನು ತಾನೇ ನೇರವಾಗಿ ವೀಸಾ ಕಚೇರಿಗೆ ಕಳಿಸಿದ್ದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಈಗ ಎಲ್ಲ ಹೇಳಿದಳು. ಆಷಾಢ ಒಂದು ನೆಪ, ಅಷ್ಟೇ ಅಂದಳು.

ಗೊತ್ತಿತ್ತು, ಅಂದ ಅವನು. ಲಾಡ್ಜಿನ ಮ್ಯಾನೇಜರು ಮೊದಲ ವಾರವೇ ನಗುತ್ತಾ ಹೇಳಿಬಿಟ್ಟಿದ್ದನಂತೆ, ನಿಮ್ಮಮ್ಮ ಇಲ್ಲಿಲ್ಲವಲ್ಲ ಸಾರ್, ನಿಮಗ್ಯಾವ ಆಷಾಢ ಅಂತ.

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಅಮ್ಮನ್ನ ನಂಬಿದ್ದೆ. ಅದನ್ನ ಕೆಡಿಸೋದು ಬೇಡ ಅನ್ಸಿತು."

ಸುಪ್ರಜಾ ಹೊಸ್ತಿಲ ಮೇಲೆಯೇ ಕೂತಳು. ಒಳಗೆ ಅಡುಗೆಮನೆಯಲ್ಲಿ ಅಮ್ಮ ತರಕಾರಿ ಹೆಚ್ಚುವ ಸದ್ದು ಕೇಳುತ್ತಿತ್ತು. ನಂಬಿದ್ದೆ ಅಂದುಬಿಡಬಹುದಾಗಿತ್ತು, ಅವನಿಗೂ ಸಮಾಧಾನ, ಅವಳಿಗೂ ಸಮಾಧಾನ.

"ನಾನು ನಂಬಿರ್ಲಿಲ್ಲ ಕಾಲಿನ್," ಅಂದಳು. "ನಂಗೂ ಗೊತ್ತಿತ್ತು. ಜಗಳ ಆಡೋಕೆ ಸುಸ್ತಾಗಿತ್ತು, ಅಷ್ಟೇ."

ಫೋನು ಕಟ್ಟಾಗಿದೆಯೇನೋ ಅಂತ ಅವಳು ಎರಡು ಸಲ ಪರದೆ ನೋಡಿದಳು, ಕಟ್ಟಾಗಿರಲಿಲ್ಲ.