ಅಪ್ಪನಿಗೆ ‘ನೀವು’ ಅಂದ ಮೇಲೆ

೧

ಈ ಕಥೆಯನ್ನು ಬಾಗಿಲಿನಿಂದ ಶುರು ಮಾಡಲೇ, ಜಗಳದಿಂದಲೇ? ಬಾಗಿಲಿನಿಂದ ಶುರು ಮಾಡಿದರೆ ಓದುಗರಾದ ನೀವು ‘ಓಹೋ, ಬಾಗಿಲು ಅಂದರೆ ಇನ್ನೇನೋ ಒಳಾರ್ಥ ಇರಬೇಕು’ ಎಂದು ಕಣ್ಣು ಕಿರಿದು ಮಾಡುತ್ತೀರಿ. ಜಗಳದಿಂದ ಶುರು ಮಾಡಿದರೆ ‘ಬಂದ ತಕ್ಷಣ ಇದೇನು ಗಲಾಟೆ’ ಎಂದು ಪುಟ ತಿರುಗಿಸುತ್ತೀರಿ. ನಿಮ್ಮನ್ನು ಮೆಚ್ಚಿಸುವುದು ಹದಿನೈದರ ಮಕ್ಕಳನ್ನು ಮೆಚ್ಚಿಸಿದಷ್ಟೇ ಕಷ್ಟ. ಹಾಗಾಗಿ ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದೆ:

‘ಮಗಳ ಕೋಣೆಯ ಚಿಲಕವನ್ನು ಅಪ್ಪ ಬಿಚ್ಚಿ ತನ್ನ ಟೂಲ್‌ಬಾಕ್ಸಿಗೆ ಹಾಕಿಕೊಂಡ.’

(ಪರವಾಗಿಲ್ಲ ಅಲ್ಲವೇ? ನನಗಂತೂ ಖುಷಿಯಾಯಿತು. ಎದ್ದು ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡು ಬಂದೆ.)

೨

ಯಾರು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ. ಪಾತ್ರಗಳನ್ನು ಕತ್ತಲಲ್ಲಿ ನಿಲ್ಲಿಸಿ ಓದುಗರನ್ನು ತಡಕಾಡಿಸುವ ಚಟ ನನಗಿತ್ತು, ಈಗ ಬಿಟ್ಟಿದ್ದೇನೆ.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತುಬಿಟ್ಟರೆ ಇವನಿಗೆ ಫೋನ್ ಬರುತ್ತದೆ. ಹೊರಗಿನಿಂದ ಬಾಗಿಲು ತೆಗೆಯುವ ಕೀಲಿ ಸದಾ ಇವನ ಸೊಂಟದಲ್ಲಿ. ಒಳಗೆ ಸಿಕ್ಕಿಕೊಂಡು ಬೆವರಿ, ಅತ್ತು, ಬಿಳಿಚಿಕೊಂಡು ಕೂತವರ ಮುಖಗಳನ್ನು ಕಂಡು ಕಂಡು, ಮುಚ್ಚಿದ ಬಾಗಿಲು ಎಂದರೆ ಇವನಿಗೆ ಆಗುವುದಿಲ್ಲ. ಅಮ್ಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಮಗಳು ಹೈಸ್ಕೂಲು. ಮಾತು ಕಡಿಮೆ, ಹೆಡ್‌ಫೋನ್ ಜಾಸ್ತಿ.

ಒಂದು ಭಾನುವಾರ ಮಧ್ಯಾಹ್ನ ಮಗಳು ಚಿಲಕ ಹಾಕಿಕೊಂಡು ಕೋಣೆಯಲ್ಲಿದ್ದಳು. ಅಪ್ಪ ಬಾಗಿಲು ಬಡಿದ. ಉತ್ತರವಿಲ್ಲ. ಕೂಗಿದ, ಗುದ್ದಿದ. ಊಹೂಂ. ಹೆಡ್‌ಫೋನ್ ಎಂಬ ವಸ್ತು ಈ ಲೋಕದಲ್ಲಿದೆ ಎನ್ನುವುದೇ ಆ ಗಳಿಗೆಯಲ್ಲಿ ಅವನಿಗೆ ಮರೆತುಹೋಯಿತು. ಒಳಗೆ ಏನಾಯಿತೋ ಎಂದು ಹೆದರಿದ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಚಿಲಕವನ್ನು ಮೀಟಿ ಎಬ್ಬಿಸಿದ. ಬಾಗಿಲು ತೆರೆದರೆ, ಮಗಳು ಕನ್ನಡಿಯ ಮುಂದೆ ನಿಂತಿದ್ದಾಳೆ, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾಳೆ. ಹೋದ ಜೀವ ಬಂತು. ಜೀವ ಬಂದ ಮೇಲೆ ಸಿಟ್ಟೂ ಬಂತು. ಚಿಲಕವನ್ನೇ ಬಿಚ್ಚಿ, ಮನೆಗೊಂದು ಹೊಸ ರೂಲ್ ಮಾಡಿದ: ಇನ್ನು ಮೇಲೆ ಯಾರೂ ಒಳಗಿನಿಂದ ಬಾಗಿಲು ಭದ್ರ ಮಾಡಿಕೊಳ್ಳುವ ಹಾಗಿಲ್ಲ.

ಆಗ ಮಗಳು ಕಿರುಚಿದಳು ಎಂದು ಬರೆದೆ: “ನೀವು ಯಾಕೆ ಚಿಲಕ ತೆಗೆದ್ರಿ? ನನ್ನ ಕೋಣೆ ಅದು!”

೩

“ಮೇಡಂ, ಒಂದು ನಿಮಿಷ,” ಎಂದ ಅಪ್ಪ. ಮಗಳಿಗಲ್ಲ, ನನಗೆ.

“ಏನಪ್ಪಾ?”

“ನನ್ನ ಮಗಳು ನನ್ನನ್ನ ‘ನೀವು’ ಅನ್ನಲ್ಲ. ‘ನೀನು’ ಅಂತಾಳೆ. ಮಾತು ಕಲಿತಾಗಿಂದ್ಲೂ ಅಷ್ಟೇ.”

ನಾನು ತಡವರಿಸಿದೆ. ನಿಜ ಹೇಳಬೇಕೆಂದರೆ ಯೋಚನೆಯೇ ಮಾಡಿರಲಿಲ್ಲ. ಅಚ್ಚಾಗುವ ಕಥೆಯಲ್ಲಿ ಮಗಳು ಅಪ್ಪನಿಗೆ ‘ನೀನು’ ಎಂದರೆ ಯಾರಾದರೂ ಹಿರಿಯರು ಸಂಪಾದಕರಿಗೆ ಫೋನ್ ಮಾಡುತ್ತಾರೆ ಎಂಬ ಅಂಜಿಕೆ ಕೈಬೆರಳಿಗೇ ಅಂಟಿಬಿಟ್ಟಿದೆ. ತಿದ್ದೋಣ, ಅದಕ್ಕೇನಂತೆ, ಎಂದು ಕರ್ಸರ್ ಅಲ್ಲಿಗೆ ಒಯ್ದೆ.

“ಬೇಡ ಆಂಟಿ, ಹಾಗೇ ಇರ್ಲಿ,” ಎಂದಳು ಮಗಳು.

(ಆಂಟಿ! ಅಪ್ಪನಿಗೆ ಮೇಡಂ, ಮಗಳಿಗೆ ಆಂಟಿ. ಇವಳ ಪಾತ್ರವನ್ನು ಇಲ್ಲಿಗೇ ಡಿಲೀಟ್ ಮಾಡಬೇಕು ಅನ್ನಿಸಿತು. ತಡೆದುಕೊಂಡೆ.)

“ಚೆನ್ನಾಗಿದೆ ಇದು. ನನಗೆ ಹೊಳೆದೇ ಇರ್ಲಿಲ್ಲ ನೋಡಿ.” ಅಪ್ಪನ ಕಡೆ ತಿರುಗಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿದಳು: “ಅಪ್ಪ, ನೀವು ಊಟ ಮಾಡಿದ್ರಾ?”

ಬೈದರೆ ಗದರಬಹುದು. ಮರ್ಯಾದೆ ಕೊಟ್ಟವರನ್ನು ಗದರುವುದು ಹೇಗೆ? ಅಪ್ಪ ನನ್ನತ್ತ ನೋಡಿದ. ನಾನು ಕೀಬೋರ್ಡಿನ ಧೂಳು ಒರೆಸತೊಡಗಿದೆ.

೪

ಆ ವಾರವೆಲ್ಲ ಮನೆಯಲ್ಲಿ ಮರ್ಯಾದೆಯೋ ಮರ್ಯಾದೆ. “ಬನ್ನಿ.” “ಕೂತ್ಕೊಳ್ಳಿ.” “ನಿಮ್ಮ ಚಾರ್ಜರ್ ತಗೊಂಡಿದ್ದೆ, ಕ್ಷಮಿಸಿ.” ವಾರದ ಮಧ್ಯೆ ಒಮ್ಮೆ ‘ತಾವು’ ಕೂಡ ಬಂತು. ಅಂದು ಅಪ್ಪ ಊಟದ ತಟ್ಟೆ ಬಿಟ್ಟು ಎದ್ದ.

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

(“ಮೇಡಂ, ನಾನು ಕೆಲಸಕ್ಕೆ ಪ್ಯಾಂಟ್ ಹಾಕೋದು, ಸೆರಗು ಎಲ್ಲಿಂದ ತಂದ್ರಿ?” ಎಂದು ಅಮ್ಮ ಆಕ್ಷೇಪಿಸಿದ್ದಾಳೆ. “ಅಲ್ದೆ ಇಡೀ ಕಥೇಲಿ ನನಗೆ ನಗೋದು ಬಿಟ್ಟು ಬೇರೆ ಕೆಲಸ ಇಲ್ವಾ?” ಇದೆಯಮ್ಮ, ಕೊಡುತ್ತೇನೆ. ಸೆರಗು ವಾಪಸ್.)

ಮರುದಿನ ಅಪ್ಪ ನನ್ನ ಟೇಬಲ್ಲಿನ ಬಳಿ ಬಂದು ಕೂತ. ಕೈಗೆ ಗ್ರೀಸ್ ಮೆತ್ತಿತ್ತು. ನನ್ನ ಡ್ರಾಫ್ಟಿನ ಹಾಳೆಗೆ ತಾಗದಂತೆ ಕೈಯನ್ನು ದೂರ ಹಿಡಿದುಕೊಂಡಿದ್ದ.

“ಕೆಲಸದ ಕಡೆ ಎಲ್ರೂ ‘ನೀವು’ ಅಂತಾರೆ. ಲಿಫ್ಟಲ್ಲಿ ಸಿಕ್ಕಿಕೊಂಡೋರಂತೂ ‘ನೀವೇ ದೇವ್ರು’ ಅಂತಾರೆ. ಹೆಂಡ್ತಿ ‘ರೀ’ ಅಂತಾಳೆ. ನನ್ನಮ್ಮ ಹೋದ್ಮೇಲೆ ಈ ಭೂಮಿ ಮೇಲೆ ನನ್ನನ್ನ ‘ನೀನು’ ಅನ್ನೋಳು ಇವಳೊಬ್ಬಳೇ ಉಳಿದಿದ್ದು, ಮೇಡಂ. ಅದನ್ನೂ ನೀವು ಕಿತ್ಕೊಂಡ್ರಿ.”

ಕೈಯಾರೆ ಮಾಡಿದ್ದು, ಇನ್ನು ಕೈಯಾರೆ ಸರಿ ಮಾಡಬೇಕು.

೫

ಪ್ರಯತ್ನಗಳು ಹೀಗಿವೆ.

ರೂಪಕ: ‘ಬಾಗಿಲು ಪೂರ್ತಿ ಮುಚ್ಚುವತನಕ ಲಿಫ್ಟ್ ಕದಲುವುದಿಲ್ಲ, ಬೆಳೆಯುವ ಮಕ್ಕಳೂ ಹಾಗೆಯೇ.’ ಬರೆದು ಮೈಮರೆತು ಕೂತಿದ್ದೆ. ಮಗಳು ಇಣುಕಿ ನೋಡಿ, “ನಾನು ಲಿಫ್ಟ್ ಅಲ್ಲ,” ಎಂದು ಹೋದಳು. ಅಪ್ಪನೂ ಓದಿ, “ಬಾಗಿಲಿನ ಸೆನ್ಸರ್ ಕೆಟ್ಟರೆ ಲಿಫ್ಟು ಬಾಗಿಲು ತೆರ್ಕೊಂಡೇ ಹೋಗತ್ತೆ ಮೇಡಂ, ಭಾರಿ ಡೇಂಜರ್,” ಎಂದ. ರೂಪಕ ಕಸದ ಬುಟ್ಟಿಗೆ.

ಮುಕ್ತಾಯ ಒಂದು: ಮಗಳು ಅಳುತ್ತಾ ಓಡಿಬಂದು ಅಪ್ಪನನ್ನು ತಬ್ಬಿಕೊಂಡು, “ನೀನೇ ಸರಿ ಅಪ್ಪ, ನಂದೇ ತಪ್ಪು,” ಎನ್ನುತ್ತಾಳೆ. ಮಗಳು ಮುಖ ಸಿಂಡರಿಸಿದಳು, ಅದು ಗೊತ್ತಿದ್ದದ್ದೇ. ಆದರೆ ಅಪ್ಪನೂ ತಲೆಯಾಡಿಸಿದ: “ನೀವು ಬರೆದುಕೊಟ್ಟಿದ್ದನ್ನ ಅವಳು ಒಪ್ಪಿಸಿದ್ರೆ ನನಗೇನು ಬಂತು? ಅವಳೇ ಅನ್ಬೇಕು.”

ಮುಕ್ತಾಯ ಎರಡು: ವರ್ಷಗಳು ಉರುಳುತ್ತವೆ. ಮಗಳಿಗೂ ಮಗಳಾಗುತ್ತಾಳೆ, ಆ ಮಗಳೂ ಬಾಗಿಲು ಹಾಕಿಕೊಳ್ಳುತ್ತಾಳೆ, ಆಗ ಇವಳಿಗೆ ಅಪ್ಪ ಅರ್ಥವಾಗುತ್ತಾನೆ. “ಆಂಟಿ, ದಯವಿಟ್ಟು,” ಎಂದಳು ಮಗಳು. “ನಾಳೆ ನನಗೆ ಕೆಮಿಸ್ಟ್ರಿ ಟೆಸ್ಟಿದೆ. ಈಗ್ಲೇ ಮದುವೆ ಮಾಡ್ಬೇಡಿ.”

೬

ಕೊನೆಗೆ ನನಗೆ ರೇಗಿತು. “ಒಂದು ಚಿಲಕಕ್ಕೆ ಇಷ್ಟೊಂದು ಹಟವೇನಮ್ಮ? ಪಾಪ, ನಿನಗೇನಾಯ್ತೋ ಅಂತ ಹೆದರಿ ತೆಗೆದದ್ದಲ್ಲವೇ?”

ಅವಳು ಕುರ್ಚಿಯ ತುದಿಯಲ್ಲಿ ಕೂತು ಉಗುರು ಕಚ್ಚಿದಳು.

“ಚಿಲಕಕ್ಕಲ್ಲ. ಅವರು ನಕ್ಕರು.”

“ಯಾವಾಗ?”

“ಬಾಗಿಲು ತೆಗೆದಾಗ. ನೀವು ಅದನ್ನ ಬರೆದೇ ಇಲ್ಲ.”

ಹಿಂದಕ್ಕೆ ಹೋಗಿ ನೋಡಿದೆ. ಬರೆದಿಲ್ಲ. ಮಗಳು ಕನ್ನಡಿಯ ಮುಂದೆ ನಿಂತಿದ್ದಾಳೆ ಎಂದು ಬರೆದು, ಅಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳುವ ಸೌಜನ್ಯವೂ ನನಗಿರಲಿಲ್ಲ. ಈಗ ಕೇಳಿದೆ.

“ಕ್ಲಾಸಲ್ಲಿ ಒಬ್ಬಳಿದಾಳೆ. ನಾನು ಬಾಯಿ ಬಿಟ್ರೆ ಸಾಕು, ನನ್ನ ಹಾಗೇ ಮಾತಾಡಿ ತೋರಿಸಿ ಎಲ್ರನ್ನೂ ನಗಿಸ್ತಾಳೆ. ನನಗೆ ಸಿಟ್ಟು ಬಂದ್ರೆ ಮೊದಲು ಅಳು ಬಂದ್ಬಿಡತ್ತೆ. ಅತ್ತರೆ ಇನ್ನೂ ನಗ್ತಾರೆ. ಅದಕ್ಕೆ ಅಳದೆ ಜಗಳ ಆಡೋದನ್ನ ಪ್ರಾಕ್ಟೀಸ್ ಮಾಡ್ತಿದ್ದೆ. ಅವಳ ಮಾತೂ ನಂದೇ, ನನ್ನ ಮಾತೂ ನಂದೇ. ಬೆರಳು ತೋರಿಸ್ಕೊಂಡು ಬಯ್ತಾ ಇದ್ದೆ, ಇವರು ಬಾಗಿಲು ಕಿತ್ತು ಬಂದು ಹ್ಹಹ್ಹಹ್ಹ ಅಂತ ನಕ್ಕರು.”

ದನಿ ನಡುಗಿತು. ಅಳು ಬರುವ ಮೊದಲೇ ಎದ್ದಳು.

“ಇದನ್ನ ಬರೀರಿ ಬೇಕಾದ್ರೆ. ಅವರು ಓದ್ಲಿ.”

೭

ಅಪ್ಪ ಆರನೇ ಭಾಗ ಓದಿದ. ಆಮೇಲೆ ಟೂಲ್‌ಬಾಕ್ಸ್ ಎತ್ತಿಕೊಂಡು ಮಗಳ ಕೋಣೆಯ ಮುಂದೆ ಹೋಗಿ ನಿಂತ.

ಚಿಲಕವಿಲ್ಲದ ಬಾಗಿಲು, ತಳ್ಳಿದರೆ ತೆರೆಯುತ್ತಿತ್ತು. ತಳ್ಳಲಿಲ್ಲ, ಬಡಿದ. ಒಳಗೆ ಸದ್ದಿಲ್ಲ. ಅವನ ಕತ್ತಿನ ನರ ಬಿಗಿಯುವುದು ನನಗೆ ಕಾಣುತ್ತಿತ್ತು, ಆದರೂ ಕಾದ. (ಇದನ್ನೆಲ್ಲ ನಾನು ಅವನಿಂದ ಮಾಡಿಸುತ್ತಿಲ್ಲ. ಪಕ್ಕದಲ್ಲಿ ನಿಂತು ಕಂಡದ್ದನ್ನು ಹೇಳುತ್ತಿದ್ದೇನೆ, ಅಷ್ಟೇ.)

“ಮರಿ, ಇಲ್ಲಿಂದ್ಲೇ ಹೇಳ್ತೀನಿ, ಕೇಳು. ಅವತ್ತು ನಾನು ನಿನ್ನ ನೋಡಿ ನಗಲಿಲ್ಲ. ಬಾಗಿಲು ಮೀಟೋವಾಗ ಏನೇನೋ ಯೋಚನೆ ಬಂದಿತ್ತು, ಅದನ್ನ ಬಾಯಲ್ಲಿ ಹೇಳೋಕಾಗಲ್ಲ. ತೆಗೆದು ನೋಡಿದ್ರೆ ನೀನು ನಿಂತಿದೀಯ, ಯಾರಿಗೋ ಬಯ್ತಾ ಇದೀಯ. ಅಬ್ಬಾ, ಇದೆಯಲ್ಲ ನನ್ನ ಕೂಸು ಅಂತ ನಗು ಬಂತು. ಅಳಬೇಕಾದಲ್ಲಿ ನಗು ಬಂತು. ನಿನಗೆ ಸಿಟ್ಟು ಬರೋ ಕಡೆ ಅಳು ಬರಲ್ವಾ, ಹಾಗೇ. ಆದ್ರೂ ನಿನಗೆ ನೋವಾಯ್ತು. ತಪ್ಪಾಯ್ತು.”

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

“ಬನ್ನಿ.”

ಬಹುವಚನವೇ! ನಾನು ಹಣೆ ಚಚ್ಚಿಕೊಂಡೆ. ಅಪ್ಪ ಮಾತ್ರ ಬೇಸರ ಮಾಡಿಕೊಳ್ಳದೆ ಒಳಗೆ ಹೋಗಿ, ನೆಲದ ಮೇಲೆ ಕೂತು, ಟೂಲ್‌ಬಾಕ್ಸಿನಿಂದ ಅದೇ ಚಿಲಕ ತೆಗೆದ. ಹಳೆಯ ತೂತುಗಳು ಸಡಿಲವಾಗಿದ್ದವು. ಸ್ವಲ್ಪ ಮೇಲೆ ಹೊಸದಾಗಿ ಕೊರೆದು ಕೂರಿಸತೊಡಗಿದ. ಸ್ಕ್ರೂ ತಿರುಗಿಸುತ್ತಲೇ ಇಬ್ಬರೂ ರೂಲ್ಸ್ ಮಾಡಿಕೊಂಡರು. ಬಡಿಯದೆ ಬರಬಾರದು. ಬಡಿದರೆ ‘ಹ್ಞೂಂ’ ಅನ್ನಬೇಕು. ಹೆಡ್‌ಫೋನ್ ಒಂದು ಕಿವಿಗೆ ಸಾಕು. (“ಎರಡೂ ಕಿವಿಗೆ ಬೇಕು, ಬೇಕಾದ್ರೆ ಸೌಂಡ್ ಕಮ್ಮಿ ಮಾಡ್ತೀನಿ.” “ಆಯ್ತು, ಹಾಗೇ ಆಗ್ಲಿ.”) ಅಮ್ಮ ಅಂಗಡಿಯಿಂದ ಬಂದವಳು ನಿಂತು ಕೇಳಿ, ಎಲ್ಲರಿಗೂ ಅನ್ವಯಿಸುವ ಇನ್ನೊಂದು ಸೇರಿಸಿದಳು: ಯಾರೂ ಯಾರನ್ನೂ ಮರ್ಯಾದೆ ಕೊಟ್ಟು ಸಾಯಿಸಬಾರದು. ಹೇಳಿ ಕೈಕಾಲು ತೊಳೆಯಲು ಹೋದಳು. ಕೆಲಸ ಕೊಡುತ್ತೇನೆ ಎಂದಿದ್ದೆನಲ್ಲ, ತಾನೇ ತೆಗೆದುಕೊಂಡಳು.

ಚಿಲಕ ಕೂತಿತು. ಸರಿಯಾಗಿ ಬೀಳುತ್ತದೋ ನೋಡಬೇಕಲ್ಲ. ಮಗಳು ಎದ್ದು ಬಂದು ನನ್ನನ್ನೊಮ್ಮೆ ನೋಡಿದಳು, ನನ್ನ ಹಿಂದೆ ನಿಂತಿದ್ದ ನಿಮ್ಮನ್ನೂ ನೋಡಿದಳು, ಬಾಗಿಲು ಮುಚ್ಚಿದಳು. ಟಕ್.

ಅಪ್ಪ ಒಳಗೆ. ನಾವು ಹೊರಗೆ.

೮

ಇನ್ನು ನನಗೆ ಗೊತ್ತಿರುವುದೆಲ್ಲ ಕೇಳಿಸಿದ್ದು ಮಾತ್ರ.

“ಆ ಕ್ಲಾಸಿನವಳ ಪಾರ್ಟ್ ಯಾರಾದ್ರೂ ಮಾಡ್ಬೇಕು. ಮಾಡ್ತೀರಾ?” ಎಂದಳು ಮಗಳು.

ಕೆಮ್ಮು. ಆಮೇಲೆ ಒಂದು ಕೀರಲು ದನಿ, ಹೈಸ್ಕೂಲು ಹುಡುಗಿಯದು ಎಂದು ಅಪ್ಪ ನಂಬಿರುವಂಥದ್ದು: “ಅಯ್ಯೋ, ಬಂದ್ಲು ನೋಡ್ರೇ ಮಹಾರಾಣಿ! ಮಾತಾಡೇ, ನಾವು ಸ್ವಲ್ಪ ನಗ್ತೀವಿ!”

“ನಗು, ಬೇಡ ಅಂದೋರ್ಯಾರು?”

“ಹ್ಹಿಹ್ಹಿಹ್ಹಿ!”

ಅಳು ಬಂತೇನೋ ಅಂದುಕೊಂಡೆ. ಆಮೇಲೆ ಅವಳ ದನಿ, ಒಂದಿಷ್ಟೂ ನಡುಗದೆ:

“ನಾನು ಮಾತಾಡೋದೇ ಹೀಗೆ. ಇನ್ನೊಂದ್ಸಲ ನನ್ನ ನೋಡಿ ನಗಬೇಡ ನೀನು. ನನಗೆ ನೋವಾಗತ್ತೆ.”



“ಆಯ್ತು. ಇನ್ನು ನಗಲ್ಲ.” ಆ ದನಿ ಕೀರಲೂ ಆಗಿರಲಿಲ್ಲ, ಅಪ್ಪನ ಎಂದಿನ ದನಿಯೂ ಆಗಿರಲಿಲ್ಲ.

ಆ ‘ನೀನು’ ಯಾರಿಗೆ? ಕ್ಲಾಸಿನ ಹುಡುಗಿಗೋ, ಅಪ್ಪನಿಗೋ? ತಡೆಯಲಾರದೆ ಬಾಗಿಲು ಬಡಿದೆ.

“ಯಾರು?”

“ನಾನಮ್ಮ. ಕಥೆ ಮುಗಿಸಬೇಕಿತ್ತು. ಈಗ ‘ನೀನು’ ಅಂದೆಯಲ್ಲ, ಅದು...”

“ಆಂಟಿ, ನಾವಿನ್ನೂ ಜಗಳ ಮುಗಿಸಿಲ್ಲ. ಆಮೇಲೆ ಬನ್ನಿ.”

ಇಬ್ಬರೂ ನಕ್ಕದ್ದು ಕೇಳಿಸಿತು. ಯಾರು ಮೊದಲು ನಕ್ಕರು ಎಂದು ಹೇಳಲಾರೆ. ಬಾಗಿಲಿಗೆ ಕಿವಿಗೊಟ್ಟರೆ ಎಲ್ಲ ಗೊತ್ತಾಗುತ್ತಿತ್ತು, ನಾನು ಕೊಡಲಿಲ್ಲ. ನೀವೂ ಆ ಕಡೆ ಹೋಗಬೇಡಿ. ನನಗೆ ಇಷ್ಟೇ ಸಾಕೆನ್ನಿಸುವಷ್ಟು ಸಂತೋಷವಾಗಿದೆ, ಒಳಗೆ ಆಗಲೇ ಇನ್ನೊಂದು ಸುತ್ತು ಜಗಳ ಶುರುವಾಗಿದೆ.